ಎಂಬತ್ತೊಂಬತ್ತನೇ ಕಂಬ

ಬೆಳಿಗ್ಗೆ ಆರು ಗಂಟೆ. ಮಚ್ಛೆಯಿಂದ ದೇಸೂರಿಗೆ ಹೋಗುವ ದಾರಿಯ ಪಕ್ಕ, ಅರವತ್ತಮೂರನೇ ಟೆಲಿಫೋನ್ ಕಂಬದ ತುದಿಯಲ್ಲಿ ಸಿದರಾಯ ಜೋತುಕೊಂಡಿದ್ದಾರೆ. ಪಾದಗಳ ನಡುವೆ ಹಗ್ಗದ ಕುಣಿಕೆ. ಸೊಂಟಕ್ಕೆ ಆಟೋ ನಗರದ ಮಜೀದ ಮಿಸ್ತ್ರಿ ಲಾರಿಯ ಹಳೇ ಬೆಲ್ಟು ಕತ್ತರಿಸಿ ಹೊಲಿದುಕೊಟ್ಟ ಪಟ್ಟಿ. ಎರಡು ತಂತಿಗೂ ಕ್ಲಿಪ್ಪು ಕಚ್ಚಿಸಿ, ಕೊರಳಲ್ಲಿ ನೇತುಬಿದ್ದ ಫೋನನ್ನು ಕಿವಿಗೊತ್ತಿ ಕಣ್ಣು ಮುಚ್ಚುತ್ತಾರೆ. ಡಯಲ್ ಟೋನ್ ಬರುತ್ತದೆ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತಾರೆ. ಎಲ್ಲೂ ಕರಕರ ಇಲ್ಲ.

“ಇಲ್ಲೀಮಟಾ ಸ್ವಚ್ಛ ಐತ್ರಿ ಸಾವಕಾರ್ರ. ರೋಗ ಮುಂದ ಐತಿ.”

ಕೆಳಗೆ ಸ್ಕೂಟರಿನ ಮೇಲೆ ಮಫ್ಲರ್ ಸುತ್ತಿಕೊಂಡು ನಡುಗುತ್ತಿರುವವರು ಸುಜಯ, ದೇಸೂರಿನ ಹಂಚಿನ ವ್ಯಾಪಾರಿ. ರೋಗ ಹಿಡಿದಿರುವುದು ಅವರ ಮನೆಯ ಲೈನಿಗೆ. “ಇನ್ನ ಎಷ್ಟ ಕಂಬ ಹತ್ತಬೇಕ್ರಿ ಸಿದರಾಯಣ್ಣ?” ಎನ್ನುತ್ತಾರೆ.

“ಆರು.”

ಮಚ್ಛೆ ಕಡೆಯ ಎಕ್ಸ್‌ಚೇಂಜಿನಿಂದ ಸುಜಯರ ಮನೆಯವರೆಗೆ ಕಂಬಗಳು ನೂರಾ ಇಪ್ಪತ್ತಾರು. ಅಷ್ಟರಲ್ಲಿ ಏಳನ್ನು ಮಾತ್ರ ಹತ್ತಿ ಕೆಟ್ಟ ಜಾಗ ಹಿಡಿಯುತ್ತೇನೆ ಎನ್ನುವುದು ಸಿದರಾಯರ ಹಟ. ಹೊತ್ತೂ ಕಡಿಮೆ. ಈ ಲೈನು ಕೆಡುವುದು ತಂತಿಯ ಮೇಲೆ ಇಬ್ಬನಿ ಇರುವಷ್ಟು ಹೊತ್ತು ಮಾತ್ರ. ಎಂಟು ಗಂಟೆಯ ಬಿಸಿಲು ತಾಗಿತೆಂದರೆ ಏನೂ ಅರಿಯದವರಂತೆ ಸರಿಹೋಗಿಬಿಡುತ್ತದೆ. ಹತ್ತು ಗಂಟೆಗೆ ಬಂದು ನೋಡಿದವರು “ಲೈನ್ ಸರಿ ಇದೆ” ಎಂದು ಬರೆದು ಹೋಗುತ್ತಾರೆ, ಮರುದಿನ ಸುಜಯ ಮತ್ತೆ ದೂರು ಕೊಡುತ್ತಾರೆ. ಮೂರು ವಾರದಲ್ಲಿ ಹನ್ನೊಂದು ದೂರು ಆಗಿದೆ.

ಅದರಲ್ಲಿ ಹನ್ನೊಂದನೆಯದು ಸಿದರಾಯರ ಕುತ್ತಿಗೆಗೆ ಬಂದಿದೆ. ವಯಸ್ಸು ನಲವತ್ತೊಂದು. ಹದಿನಾಲ್ಕು ವರ್ಷದಿಂದ ದಿನಗೂಲಿ ಲೈನ್‌ಮನ್. ಖಾಯಂ ಮಾಡುವವರ ಯಾದಿ ಇವತ್ತು, ಅಂದರೆ ಇದೇ ನವೆಂಬರ್ ಶನಿವಾರ, ಮಧ್ಯಾಹ್ನ ಬೆಳಗಾವಿಯ ಕಚೇರಿಯಿಂದ ಮೇಲಕ್ಕೆ ಹೋಗಲಿದೆ. ಅದರಲ್ಲಿ ಅವರ ಹೆಸರಿದೆ. ಉಳಿಯಬೇಕಾದರೆ ಎರಡು ಷರತ್ತು: ತನ್ನ ಸರಹದ್ದಿನಲ್ಲಿ ಒಂದೂ ದೂರು ಬಾಕಿ ಇರಬಾರದು, ಎರಡು ವರ್ಷದೊಳಗೆ ತನ್ನ ಕೈಕೆಲಸದಿಂದ ಲೈನು ಕೆಟ್ಟ ದಾಖಲೆಯೂ ಇರಬಾರದು. ಎರಡನೆಯದರ ಬಗ್ಗೆ ಸಿದರಾಯರಿಗೆ ಚಿಂತೆಯೇ ಇರಲಿಲ್ಲ. ತನ್ನ ಕೈಯ ಮೇಲೆ ಅವರಿಗೆ ಅಷ್ಟು ನಂಬಿಕೆ.

ಇನ್ನು, ಬೆಳಗಿನ ಜಾವಕ್ಕೆ ಫೋನಿನಲ್ಲಿ ಹಂಚಿನ ವ್ಯಾಪಾರಿಗೆ ಏನು ಕೆಲಸ ಎಂದು ಕೇಳಬೇಕಲ್ಲ. ಕೆಲಸ ಗಾಲ್ಫ್ ಆಡುವುದು. ಹಡಗಿನಲ್ಲಿ ನೌಕರಿ ಮಾಡುವ ಸುಜಯರ ಭಾವ, ಟೀವಿಗೆ ಜೋಡಿಸುವ ಆಟದ ಯಂತ್ರವೊಂದನ್ನು ರಜೆಯಲ್ಲಿ ಬಂದಾಗ ತಂದುಕೊಟ್ಟಿದ್ದಾರೆ. ಅದರ ಬೆನ್ನಿಗೆ ಫೋನಿನ ತಂತಿ ಚುಚ್ಚಿದರೆ ಇಂಟರ್‌ನೆಟ್ಟಿನಲ್ಲಿ ಕೆನಡಾದ ಪಿಂಚಣಿದಾರರೊಬ್ಬರು ಸಿಗುತ್ತಾರೆ. ಅವರ ಸಂಜೆ, ನಮ್ಮ ಬೆಳಗು. ಆಟದ ನಡುವೆ ಯಾರ ಲೈನು ಕಡಿಯುತ್ತದೋ ಅವರು ಸೋತಂತೆ. ನಿಜವಾದ ಗಾಲ್ಫ್ ಮೈದಾನವನ್ನು ಕಣ್ಣಲ್ಲಿ ಕಾಣದ ಸುಜಯ ಈವರೆಗೆ ಹದಿನೇಳು ಆಟ ಸೋತಿದ್ದಾರೆ. ಹದಿನೇಳೂ ಲೈನಿನ ತಪ್ಪಿನಿಂದಲೇ ಎಂದು ಅವರ ವಾದ, ಕೆನಡಾದವರ ಅಭಿಪ್ರಾಯ ತಿಳಿದಿಲ್ಲ.

ಸಿದರಾಯ ಇಳಿದು ಸೈಕಲ್ ತುಳಿಯುತ್ತಾರೆ, ಸುಜಯರ ಸ್ಕೂಟರ್ ಹಿಂಬಾಲಿಸುತ್ತದೆ. ನೇರವಾಗಿ ತೊಂಬತ್ನಾಲ್ಕನೇ ಕಂಬ. ನಡುವಿನ ಮೂವತ್ತನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಹತ್ತಿ, ಕ್ಲಿಪ್ಪು ಕಚ್ಚಿಸಿ, ಕಿವಿಗಿಟ್ಟರೆ ಟೋನಿನ ಜೊತೆ ಒಣ ಎಲೆ ತುಳಿದಂಥ ಕರಕರ. ಅಂದರೆ ಕೆಟ್ಟ ಜಾಗ ಅರವತ್ತಮೂರಕ್ಕೂ ತೊಂಬತ್ನಾಲ್ಕಕ್ಕೂ ನಡುವೆ ಇದೆ. ಎರಡೇ ಕಂಬದಲ್ಲಿ ತೊಂಬತ್ತೈದು ಕಂಬ ಶಂಕೆಯಿಂದ ಪಾರಾದವು.

ಈ ಉಪಾಯ ಸಿಕ್ಕಿದ್ದು ಖಾನಾಪುರದ ಪೇಟೆಯಲ್ಲಿ. ಸಿದರಾಯರ ಮನೆಯೂ ಖಾನಾಪುರದಲ್ಲೇ; ಬೆಳಗಿನ ಹಾಲಿನ ಟೆಂಪೋದ ಮೇಲೆ ಸೈಕಲ್ ಹೇರಿಕೊಂಡು ಕೆಲಸಕ್ಕೆ ಬರುತ್ತಾರೆ. ಅಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಕ್ಲಾಸು ನಡೆಸುವ ಪ್ರಮಿಳಾ ಅವರ ಫೋನ್ ರಿಪೇರಿಗೆ ಹೋದಾಗಲೆಲ್ಲ ಚಹಾ ಬರುವವರೆಗೆ ಪ್ರೋಗ್ರಾಮಿಂಗ್ ಪುಸ್ತಕಗಳನ್ನು ತಿರುವಿಹಾಕುವುದು ಸಿದರಾಯರ ರೂಢಿ. ಓದಿದ್ದು ಏಳನೆಯವರೆಗೆ, ಇಂಗ್ಲಿಷ್ ಬರುವುದಿಲ್ಲ. ಹಾಗೆಂದು ಅಭಿಪ್ರಾಯಕ್ಕೆ ಬರವೇ?

“ಎಲ್ಲಾ ಪುಸ್ತಕದಾಗೂ ಮೊದಲ ಯಂತ್ರದ ಕಡಿಂದ ನಮಸ್ಕಾರ ಹೇಳಸ್ತಾರಂತ್ರಿ. ಮುಂದ ಆರನೂರ ಹಾಳಿ, ಅದಕ ಏನೇನ ಬರೂದಿಲ್ಲ ಅನ್ನೂದನ್ನ ಹೇಳ್ತಾರ. ಇಷ್ಟ ದಪ್ಪ ಯಾಕ ಬೇಕು, ತೆಲಿದಿಂಬಕ್ಕೇನು?”

ಪ್ರಮಿಳಾ ಒಂದು ದಿನ ಅಂಥದ್ದೊಂದು ಪುಸ್ತಕದ ಅಭ್ಯಾಸವನ್ನೇ ಆಟವಾಗಿ ಆಡಿಸಿದರು. “ಕಾಕಾ, ಒಂದರಿಂದ ನೂರಾ ಇಪ್ಪತ್ತೆಂಟರೊಳಗ ಒಂದ ಅಂಕಿ ಮನಸ್ಸಿನ್ಯಾಗ ಹಿಡೀರಿ. ಏಳ ಪ್ರಶ್ನೆದಾಗ ಹೇಳ್ತೀನಿ.” ಅರವತ್ನಾಲ್ಕಕ್ಕಿಂತ ದೊಡ್ಡದೋ ಸಣ್ಣದೋ ಎಂದು ಆರಂಭಿಸಿ, ಪ್ರತಿ ಸಲ ಉಳಿದದ್ದನ್ನು ಅರ್ಧ ಮಾಡುತ್ತ, ಏಳನೆಯದಕ್ಕೆ ಹಿಡಿದೇಬಿಟ್ಟರು. ನಾಲ್ಕು ಸಲ ಸೋತ ಸಿದರಾಯ ಚಹಾ ಆರಿಹೋದದ್ದನ್ನೂ ಗಮನಿಸಲಿಲ್ಲ. ಅವರಿಗೆ ಕಂಡದ್ದು ಅಂಕಿಗಳಲ್ಲ, ಕಂಬಗಳು.

ಮನೆಗೊಂದು ಹೊಸ ಉಪಕರಣ ಬಂದರೆ ಮೊದಲು ಅದರ ಚೇಷ್ಟೆ ತಿಳಿಯುವುದು ಲೈನ್‌ಮನ್‌ಗೆ. ಹಾಗಾಗಿ ಸಿದರಾಯರ ಬಳಿ ಎಲ್ಲದಕ್ಕೂ ಒಂದು ತೀರ್ಪು ಇದೆ. “ತಂತಿ ಇಲ್ಲದ ಫೋನ್ ತಂದ್ರ ಗಂಡ ಹೆಂಡತಿ ಮಾತು ಬಾಜು ಮನಿ ರೇಡಿಯೋದಾಗ ಬರತೈತಿ. ನಂಬರ್ ತೋರಸೂ ಪೆಟ್ಟಿಗಿ ಬಂದ ಮ್ಯಾಲ ಮಂದಿ ಮನ್ಯಾಗ ಇದ್ದೂ ಫೋನ್ ಎತ್ತೂದಿಲ್ಲ. ಕಂಬ ಇಲ್ಲದ ಫೋನ್ ಬೆಳಗಾವಿಗೆ ಬಂದೈತಿ, ಚಲೋನ ಐತಿ ಬಿಡ್ರಿ. ಆದ್ರ ಅದು ಕೆಟ್ಟರ ಯಾರನ್ನ ಬೈಬೇಕು?” ಅವರು ಮರ್ಯಾದೆ ಕೊಡುವುದು ಫೋನಿನ ತಂತಿಯನ್ನು ಇಂಟರ್‌ನೆಟ್ಟಿಗೆ ಜೋಡಿಸುವ ಮೋಡೆಮ್ ಒಂದಕ್ಕೆ. “ಮನಶ್ಯಾರು ಕರಕರ ಬಂದ್ರ ಒದರಿ ಮಾತ ಮುಗಸ್ತಾರ. ಅದಕ ಒದರಾಕ ಬರೂದಿಲ್ಲ. ಲೈನ್ ತಪ್ಪಿತಂದ್ರ ಎದ್ದ ಹೋಗತೈತಿ.”

ಎಪ್ಪತ್ತೆಂಟನೇ ಕಂಬ ಸ್ವಚ್ಛ. ಏಳು ಗಂಟೆಗೆ ಎಂಬತ್ತಾರು, ಅದೂ ಸ್ವಚ್ಛ. ಪೂರ್ವಕ್ಕೆ ಆಗಲೇ ಕೆಂಪಡರಿದೆ, ಕಬ್ಬಿನ ಗರಿಗಳಿಂದ ನೀರು ತೊಟ್ಟಿಕ್ಕುತ್ತಿದೆ. ಸುಜಯರಿಗೆ ಹುರುಪು ಬಂದಿದೆ. “ಇನ್ನ ಎಂಟ ಕಂಬ ಅಷ್ಟ ಉಳದಾವಲ್ರಿ” ಎಂದು ಅವರೇ ಲೆಕ್ಕ ಹಾಕುತ್ತಾರೆ.

ಸಿದರಾಯ ಇಳಿಯುವುದಿಲ್ಲ. ಕಂಬದ ಮೇಲಿಂದಲೇ ಮುಂದಿನ ಸಾಲನ್ನು ನೋಡುತ್ತಾರೆ. ಎಂಬತ್ತಾರರಿಂದ ತೊಂಬತ್ನಾಲ್ಕು. ಆ ಎಂಟು ಕಂಬ ಅವರಿಗೆ ಚೆನ್ನಾಗಿ ಗೊತ್ತು. ಹೋದ ವರ್ಷ ಮೇ ತಿಂಗಳ ಗಾಳಿಗೆ ಅಲ್ಲೊಂದು ನೀಲಗಿರಿ ಮರ ಬಿದ್ದು ಎಲ್ಲ ಲೈನೂ ಹರಿದಿದ್ದವು. ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಜೋಡಣೆ ಹಾಕಿ ಊರಿನ ಫೋನುಗಳಿಗೆ ಜೀವ ಕೊಟ್ಟವರು ಇವರೇ. ಜನ ಹೊಗಳಿದ್ದರು. ಈಗ ಆ ನಾಲ್ಕನ್ನೂ ಒಂದೊಂದಾಗಿ ಬೆರಳಲ್ಲಿ ಎಣಿಸುತ್ತಾರೆ.

ತೊಂಬತ್ತನೇ ಕಂಬದಲ್ಲಿ ಕರಕರ. ಎಂಬತ್ತೆಂಟು ಸ್ವಚ್ಛ. ಉಳಿದದ್ದು ಒಂದೇ ಪರೀಕ್ಷೆ. ಎಂಬತ್ತೊಂಬತ್ತನೇ ಕಂಬದ ಬುಡದಲ್ಲಿ ಸೈಕಲ್ ನಿಲ್ಲಿಸಿ ಸಿದರಾಯ ಕೈ ಒರೆಸಿಕೊಳ್ಳುತ್ತಾರೆ, ಕುಣಿಕೆಯನ್ನು ಎರಡು ಸಲ ಬಿಚ್ಚಿ ಕಟ್ಟುತ್ತಾರೆ. ಅವಸರದಲ್ಲಿರುವ ಮನುಷ್ಯ ಮಾಡುವ ಕೆಲಸವಲ್ಲ ಅದು. ಆಮೇಲೆ ಹತ್ತುತ್ತಾರೆ. ಕ್ಲಿಪ್ಪು ಕಚ್ಚಿಸಿದೊಡನೆ ಕರಕರ ಕಿವಿಗೆ ಹೊಡೆಯುತ್ತದೆ. ಕಪ್ಪು ಟೇಪು ಸುತ್ತಿದ ಜೋಡಣೆ ಮುಖದೆದುರಿಗೇ ಇದೆ. ಚಾಕುವಿನಿಂದ ಟೇಪು ಸೀಳಿದರೆ ಒಳಗೆ ಹಸಿರು ಕಿಲುಬು ಹಿಡಿದ ತಂತಿ. ಬರೀ ಹೊಸೆದದ್ದು. ಬೆಸುಗೆ ಹಾಕಿಯೇ ಇಲ್ಲ.

ಆಗ ಎಲ್ಲವೂ ನೆನಪಾಗುತ್ತದೆ. ಆ ಸಂಜೆ ಬೆಸುಗೆ ಸ್ಟವ್‌ನ ಸೀಮೆಎಣ್ಣೆ ಮುಗಿದಿತ್ತು. ನಾಳೆ ಬಂದು ಹಾಕಿದರಾಯಿತು ಎಂದು ಟೇಪು ಸುತ್ತಿ ಇಳಿದಿದ್ದರು. ಮರುದಿನ ಇನ್ನೊಂದು ಊರಿನ ಲೈನು ಬಿತ್ತು, ಅದರ ಮರುದಿನ ಮತ್ತೊಂದು. ಆ ‘ನಾಳೆ’ ಹದಿನೆಂಟು ತಿಂಗಳು ಬರಲೇ ಇಲ್ಲ.

“ಏನಾಗಿತ್ರಿ?” ಸುಜಯ ಕೆಳಗಿನಿಂದ ಕೇಳುತ್ತಾರೆ.

“ಜೋಡಣಿ ಕೆಟ್ಟಿತ್ತು.”

“ಯಾರ ಹಾಕಿದ್ದು?”

“ನಾನ.”

ಸುಜಯರಿಗೆ ಯಾದಿಯ ವಿಷಯ ಗೊತ್ತು. ದಾರಿಯುದ್ದಕ್ಕೂ ಮಾತಾಡಿದ್ದು ಅದನ್ನೇ. ಹನ್ನೊಂದು ದೂರು ಬರೆದ ಮನುಷ್ಯ ಸ್ಕೂಟರಿನಿಂದ ಇಳಿದು ಕಂಬದ ಬುಡಕ್ಕೆ ಬರುತ್ತಾರೆ. “ಸಿದರಾಯಣ್ಣ, ಕೊಂಬಿ ಬಡದು ಕೆಟ್ಟಿತ್ತು ಅಂತ ಬರೀರಿ. ನಾ ಸಹಿ ಮಾಡ್ತೀನಿ. ಯಾರ ಕೇಳ್ತಾರ?” ಖರೆ ಹೇಳಬೇಕೆಂದರೆ ಯಾರೂ ಕೇಳುವುದಿಲ್ಲ. ನೀಲಗಿರಿಯ ಸಾಲು ಈಗಲೂ ತಂತಿಗೆ ಒರಗಿಕೊಂಡೇ ಇದೆ.

ಸಿದರಾಯ ಕಿಲುಬು ಕೆರೆದು, ಹೊಸ ತಂತಿ ಕೊಟ್ಟು, ಈ ಸಲ ಬೆಸುಗೆ ಹಾಕುತ್ತಾರೆ. ಟೋನ್ ಸ್ವಚ್ಛವಾಗುತ್ತದೆ. ಇಳಿಯುವ ಮೊದಲು ಮುಂದಿನ ಕಂಬಗಳತ್ತ ನೋಡುತ್ತಾರೆ. ತೊಂಬತ್ತೊಂದು, ತೊಂಬತ್ತೆರಡು, ತೊಂಬತ್ತಮೂರು. ಅದೇ ಸಂಜೆಯ ಇನ್ನೂ ಮೂರು ಜೋಡಣೆ ಅಲ್ಲಿವೆ, ಬೇರೆ ಬೇರೆ ಮನೆಗಳ ಲೈನಿಗೆ. ತೊಂಬತ್ತಮೂರರದ್ದು ಊರಿನ ನರ್ಸ್ ತಹಮೀನಾ ಅವರದು.

ಹನ್ನೊಂದೂವರೆಗೆ ಬೆಳಗಾವಿಯ ಕಚೇರಿ. ಇಂಜಿನಿಯರ್ ನಾಗಲಿಂಗ ಅವರ ಮೇಜಿನ ಮೇಲೆ ಟೈಪಾದ ಯಾದಿ ಸಿದ್ಧವಾಗಿದೆ. ಸಿದರಾಯ ದುರಸ್ತಿ ಕಾರ್ಡು ಮುಂದಿಡುತ್ತಾರೆ. ಕಾರಣ ಬರೆಯುವ ಜಾಗದಲ್ಲಿ ದೊಡ್ಡ ದೊಡ್ಡ ಅಕ್ಷರ: ‘ನನ್ನ ಜೋಡಣೆ. ಬೆಸುಗೆ ಹಾಕಿರಲಿಲ್ಲ. ಇಂಥವೇ ಇನ್ನೂ ಮೂರು ಇವೆ.’ ನಾಗಲಿಂಗ ಎರಡು ಸಲ ಓದುತ್ತಾರೆ. ಗೋಡೆಯ ಗಡಿಯಾರ ನೋಡುತ್ತಾರೆ. ಕಾರ್ಡನ್ನು ವಾಪಸ್ ತಳ್ಳುತ್ತಾರೆ.

“ಸಿದರಾಯ, ಇದು ನಾ ನೋಡಿಲ್ಲ. ಹೊರಗ ಹೋಗಿ ಬ್ಯಾರೆ ಕಾರ್ಡ್ ಬರಕೊಂಡ ಬಾ. ಅರ್ಧಾ ತಾಸು ಅದ.”

“ಬ್ಯಾರೆ ಬರದ್ರ ಆ ಮೂರ ಜೋಡಣಿ ಬಿಚ್ಚಾಕ ಹುಕುಂ ಹೆಂಗ ಸಿಗತೈತ್ರಿ ಸಾಹೇಬ್ರ? ಕೆಡದ ಲೈನ್ ಯಾಕ ಮುಟ್ಟಿದಿ ಅಂತೀರಿ.”

“ಕೆಟ್ಟ ಮ್ಯಾಲ ಬಿಚ್ಚಿದ್ರಾತು.”

“ಸಾವಕಾರ್ರ ಆಟದ ಯಂತ್ರ ಸೂಕ್ಷ್ಮ ಐತಿ, ಮೊದಲ ದೂರು ಕೊಟ್ಟತು. ನರ್ಸಬಾಯಾರು ಮನಶ್ಯಾರ್ರಿ. ಕರಕರ ಬಂದ್ರೂ ಒದರಿ ನಡಸಾಕ ಹತ್ಯಾರ. ಅದು ಪೂರಾ ಕಡದ ದಿನ ಯಾರ ಮನ್ಯಾಗ ಹೆರಿಗಿ ಇರತೈತೋ ಏನೋ.”

ಹೊರಗೆ ಗುಮಾಸ್ತ ಲಕೋಟೆಗೆ ಅಂಟು ಹಚ್ಚಲು ಕಾದಿದ್ದಾರೆ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಇಂಜಿನಿಯರು ಪೆನ್ನು ತೆರೆದು, ಮೂರು ಜೋಡಣೆ ಬಿಚ್ಚಲು ಕಾರ್ಡಿನ ಮೇಲೆ ಅಪ್ಪಣೆ ಬರೆಯುತ್ತಾರೆ. ಅದೇ ಪೆನ್ನಿನಿಂದ ಯಾದಿಯಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ. ಮುಂದಿನ ಯಾದಿ ಯಾವಾಗ ಎಂದು ಅವರಿಗೂ ತಿಳಿಯದು. ತಲೆ ಎತ್ತದೆ, “ಚಹಾ ಕುಡದ ಹೋಗು” ಎನ್ನುತ್ತಾರೆ. ಸಿದರಾಯ ಕುಡಿಯುವುದಿಲ್ಲ.

ಭಾನುವಾರ ಮೂರೂ ಜೋಡಣೆ ಬಿಚ್ಚುತ್ತಾರೆ. ತೊಂಬತ್ತಮೂರರಲ್ಲಿ ತಂತಿ ಎಳೆಯಷ್ಟೇ ಉಳಿದಿತ್ತು, ಕೈ ತಾಗಿದೊಡನೆ ಎರಡಾಯಿತು. ಸೋಮವಾರ ಬೆಳಿಗ್ಗೆ ಸುಜಯ ಇಬ್ಬನಿಯಲ್ಲೇ ಪೂರ್ತಿ ಆಟ ಆಡಿದರು. ಲೈನು ಕಡಿಯಲಿಲ್ಲ, ಅವರು ಸೋತರು. ಹದಿನೆಂಟನೇ ಸೋಲಿಗೆ ದೂರು ಕೊಡಲು ಯಾರೂ ಸಿಗಲಿಲ್ಲ.

ಖಾನಾಪುರದ ಮನೆಯಲ್ಲಿ ಹೆಂಡತಿ ಭರಮವ್ವ ಎರಡು ದಿನ ಮಾತು ಬಿಟ್ಟಿದ್ದರು. ಅವರ ಸಿಟ್ಟೂ ನ್ಯಾಯವಾದದ್ದೇ. ಹದಿನಾಲ್ಕು ವರ್ಷ ಕಂಬ ಹತ್ತಿದ ಗಂಡನಿಗಾಗಿ ಜೀವ ಕೈಯಲ್ಲಿ ಹಿಡಿದು ಕಾದವರು ಅವರೂ ಹೌದು. ಸೋಮವಾರ ರಾತ್ರಿ ರೊಟ್ಟಿ ಹಾಕುತ್ತ ಕೇಳಿಯೇಬಿಡುತ್ತಾರೆ.

“ಕೊಂಬಿ ಅಂತ ಒಂದ ಶಬ್ದ ಬರಿಯಾಕ ಬರಲಿಲ್ಲೇನ್ರಿ ನಿಮಗ?”

ಸಿದರಾಯ ರೊಟ್ಟಿ ಮುರಿಯುತ್ತಾರೆ. “ಬರತಿತ್ತ. ಬರದು ಖಾಯಂ ಆಗಬಹುದಿತ್ತ. ಆದ್ರ ಖಾಯಂ ಆದ ಮ್ಯಾಲ ದಿನಾ ಆ ಕಂಬದ ಕೆಳಗ ಹಾದ ಹೋಗಬೇಕಲ್ಲ.”