ತೊಳೆಯದ ಕೈ

ಗಿರಿನಗರದ ನಮ್ಮ ಮೇಲಿನ ಮನೆಯ ಅಂಕಲ್ ಶುದ್ಧ ಸಸ್ಯಾಹಾರಿ, ಆದರೆ ಮೀನು ಹಿಡಿಯುವ ಹುಚ್ಚು. ಗಾಳಕ್ಕೆ ಹುಳು ಚುಚ್ಚುತ್ತಿರಲಿಲ್ಲ. ಕೊಕ್ಕೆಗೆ ಕೋಳಿಗರಿ ಸುತ್ತಿ ನೊಣದಂತೆ ಮಾಡಿ, ದಡದಲ್ಲಿ ನಿಂತು ಅಲೆಗಳ ಮೇಲೆ ಬೀಸುವುದು, ಸಿಕ್ಕ ಮೀನನ್ನು ಸಮುದ್ರಕ್ಕೇ ಬಿಡುವುದು. ಮನೆಯಲ್ಲಿದ್ದಾಗ ಕೊಕ್ಕೆ ತೆಗೆದು ತಾರಸಿಯ ಮೇಲೆ ಅಭ್ಯಾಸ. “ದಾರ ಹಿಂದೆ ಪೂರ್ತಿ ಬಿಚ್ಕೊಳ್ಲಿ, ಆಮೇಲೆ ಮುಂದೆ” ಎನ್ನುತ್ತಿದ್ದರು. ಹಿಂದೆ ಹೋದ ದಾರ ಒಣಹಾಕಿದ ಸೀರೆಗೆ ಸುತ್ತಿಕೊಳ್ಳುತ್ತಿತ್ತು.

“ಇಷ್ಟು ವರ್ಷದಲ್ಲಿ ಒಂದಿನಾನೂ ನಿಮ್ಮ ಕೈಲಿ ಮೀನಿನ ವಾಸನೆ ಇಲ್ಲ. ಬರೀ ಬುರುಡೆ” ಎಂದು ಆಂಟಿ ರೇಗಿಸುತ್ತಿದ್ದರು.

ಒಮ್ಮೆ ಕುಮಟಾದ ಕಡಲತೀರಕ್ಕೆ ನಾನೂ ಜೊತೆಗೆ ಹೋದೆ. ಅಲ್ಲಿ ಹಿಂದೆ ಸೀರೆಯಿರಲಿಲ್ಲ. ಗಾಳದ ಕೋಲು ಬಾಗಿತು. ಅಂಗೈಯಗಲದ ಮೀನನ್ನು ಅಂಕಲ್ ಬಲಗೈಯಲ್ಲಿ ಹಿಡಿದರು, ನಾನು ಫೋನ್ ತೆಗೆಯುವಷ್ಟರಲ್ಲಿ ಬಿಟ್ಟೂಬಿಟ್ಟರು. ಅದು ಬೆಳ್ಳಿಯಂತೆ ಹೊಳೆಯಿತೆಂದು ನನ್ನ ನೆನಪು, ಹೊಳೆದದ್ದು ಬರೀ ಬಿಸಿಲೂ ಇರಬಹುದು. ಆದರೆ ವಾಪಸು ಬರುವಾಗ ಅವರು ಬಲಗೈ ತೊಳೆಯದೆ, ಎಡಗೈಯಲ್ಲಿ ಚಮಚ ಹಿಡಿದು ಇಡ್ಲಿ ತಿಂದದ್ದು ಮಾತ್ರ ಖಂಡಿತ.

ಮನೆ ಬಾಗಿಲಲ್ಲೇ ಕೈ ಚಾಚಿದರು. “ಮೂಸು ನೋಡು.”

ಆಂಟಿ ಮೂಸಿದರು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಬೀದಿಗೆಲ್ಲ ಕೇಳುವಂತೆ ಕೂಗಿದರು: “ಥೂ, ನಾರ್ತಿದೆ! ನಮ್ಮನೆಯೋರು ಮೀನು ಹಿಡಿದೇಬಿಟ್ರು ಕಣ್ರೀ!”