ಪ್ರಶ್ನೆ ಮೇಷ್ಟ್ರ ಸಣ್ಣ ಅನುಮಾನ

ಎಲ್ಲೋ ಅಂತರರಾಷ್ಟ್ರೀಯ ಗಣಿತ ಸಮ್ಮೇಳನ ನಡೆಯಲಿದೆ ಎಂದು ಕಿವಿಗೆ ಬಿದ್ದರೆ ಸಾಕು, ನಮ್ಮ ವಿಭಾಗದ ಪ್ರಶ್ನೆ ಮೇಷ್ಟ್ರು ಅವತ್ತೇ ಪೆಟ್ಟಿಗೆ ಕಟ್ಟುತ್ತಾರೆ. "ಮನೆಗಿಂತ ಸೆಮಿನಾರ್ ಹಾಲಲ್ಲೇ ಇವರಿಗೆ ಒಳ್ಳೇ ನಿದ್ದೆ" ಎನ್ನುತ್ತಾರೆ ಅವರ ಹೆಂಡತಿ. ಮುಂದಿನ ಸಾಲಲ್ಲಿ ಕೂತು ಗೊರಕೆ ಹೊಡೆದು, ಚಪ್ಪಾಳೆಗೆ ಎಚ್ಚೆತ್ತು, "ನಂದೊಂದು ಸಣ್ಣ ಅನುಮಾನ" ಎಂದು ಕೈ ಎತ್ತುವುದು ಅವರ ಪದ್ಧತಿ; ಆ ಕೈ ಕಂಡರೆ ಘಟಾನುಘಟಿಗಳೂ ತಮ್ಮ ಟಿಪ್ಪಣಿ ತಡಕಾಡುತ್ತಾರೆ. ಮೊನ್ನೆ, ಹೊಸ ಸಂಶೋಧಕಿಯೊಬ್ಬಳು ತನ್ನ ಮೊದಲ ಪ್ರಬಂಧ ಓದಿ ಮುಗಿಸಿದಾಗ ಸಭೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಅವತ್ತು ಕಣ್ಣೇ ಮುಚ್ಚದಿದ್ದ ಮೇಷ್ಟ್ರು ಎದ್ದು, ತಾವೇ ವರ್ಷವರ್ಷ ಪಾಠ ಮಾಡುವ ಪ್ರಮೇಯದ ಬಗ್ಗೆ ಅನುಮಾನ ಕೇಳಿದರು. ಹುಡುಗಿ ಅರಳಿ ಉತ್ತರಿಸಿದಳು. "ಗೊತ್ತಿದ್ದೂ ಯಾಕೆ ಕೇಳಿದ್ರಿ ಸಾರ್?" ಎಂದೆ. "ನನ್ನ ಮೊದಲ ಭಾಷಣ ಮುಗಿದಾಗ ಯಾರೂ ಏನೂ ಕೇಳ್ಲಿಲ್ಲ ಕಣಪ್ಪ. ಎಲ್ಲ ಎದ್ದು ಕಾಫಿಗೆ ಹೋದ್ರು."