ಅಳತೆ ಕಟ್ಟಿಹಾಕುವ ಹನುಮಪ್ಪ

ಕೆಜಿಎಫ್‌ನ ಒಂದು ಸರ್ವೆ ಕಚೇರಿಯಲ್ಲಿ ಲೇಟೆಕ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ವರದಿ ಜೋಡಿಸುವ ಹನುಮಪ್ಪ, ಅದರೊಳಗೆ ಚಿತ್ರ ಬರೆಸುವ ಪೋಸ್ಟ್‌ಸ್ಕ್ರಿಪ್ಟ್ ಆಜ್ಞೆಯ ಸಾಲುಗಳನ್ನು ಎಮ್ಮೆ ಕಟ್ಟಿದಂತೆ ಕಟ್ಟುತ್ತಿದ್ದ. ಒಂದು ಚಿತ್ರಕ್ಕೆ ಇಟ್ಟ ಅಳತೆ ಅಲ್ಲೇ ಮುಗಿಯಬೇಕು. ಬಿಟ್ಟರೆ ಅದೇ ಪುಟದ ಮುಂದಿನ ಚಿತ್ರಕ್ಕೂ ನುಗ್ಗಿ ಮೇಯುತ್ತದೆ. "ಕಟ್ಟಾಕ್ದೆ ಎದ್ದೋದ್ಯೇನ್ಲಾ? ನಿನ್ ಅಳತೆ ಪಕ್ಕದ್ಮನೇಲಿ ಸಂಸಾರ ಮಾಡ್ತೈತೆ ಕಣ್ಲಾ!" ಎಂದು ಜೊತೆಗಾರ ಕೆಂಪಣ್ಣನನ್ನು ಬೈಯುತ್ತಿದ್ದ. ಮುದ್ದೆ ಆರಿದರೂ ಸರಿಯೇ, ಎಲ್ಲ ಚಿತ್ರಗಳಿಗೂ ಅಳತೆ ಕಟ್ಟುವ ಕೊನೆಯ ಸಾಲು ಇದೆಯೇ ಎಂದು ನೋಡದೆ ಊಟಕ್ಕೆ ಏಳುತ್ತಿರಲಿಲ್ಲ. ತೊಂಬತ್ತಾರನೇ ಇಸವಿಯಲ್ಲಿ, ಗಣಿಯ ನಡುಕಕ್ಕೆ ಬಿರುಕು ಬಿಟ್ಟ ಮನೆಗಳ ವರದಿ ಜೋಡಣೆಗೆ ಬಂತು. ಪುಟದ ಮೇಲೆ ಕಚೇರಿಯ ಸಾಹೇಬರ ಬಂಗಲೆಯ ಗೋಡೆ ದೊಡ್ಡ ಅಳತೆಯಲ್ಲಿ, ಕೆಳಗೆ ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಯ ಗೋಡೆ ಚಿಕ್ಕ ಅಳತೆಯಲ್ಲಿ ಇರಲಿ ಎಂದು ಸಾಹೇಬರಿಂದಲೇ ಅಪ್ಪಣೆಯಾಯಿತು. ರಿಪೇರಿ ಯಾರಿಗೆ ಎಂಬುದು ಆ ಪುಟ ನೋಡಿಯೇ ತೀರ್ಮಾನ. ಆ ಲೈನ್ ಮನೆಯಲ್ಲಿದ್ದವಳು ಹನುಮಪ್ಪನ ಅಕ್ಕ ತಾಯಮ್ಮ. ಅವನು ಬಂಗಲೆಯ ಅಳತೆಯನ್ನು ಕಟ್ಟಿಹಾಕಲಿಲ್ಲ, ಅಕ್ಕನ ಗೋಡೆಗೆ ಬೇರೆ ಅಳತೆ ಬರೆಯಲೂ ಇಲ್ಲ. ಅಚ್ಚಾದ ಪುಟದಲ್ಲಿ ಎರಡೂ ಗೋಡೆಗಳು ಒಂದೇ ಅಳತೆಯಲ್ಲಿ ನಿಂತವು; ಅವಳ ಗೋಡೆಯ ಬಿರುಕು ಬಂಗಲೆಯದರ ಮೂರರಷ್ಟು ಅಗಲವಿತ್ತು. "ಏನ್ರೀ ಹನುಮಪ್ಪ, ಇದು?" ಎಂದರು ಸಾಹೇಬರು. "ಮರ್ತೋಯ್ತು ಸಾರ್," ಎಂದ ಅವನು, "ಅನುಮಾನ ಇದ್ರೆ ಟೇಪ್ ಇಡ್ಕೊಂಡು ಬನ್ನಿ, ಅಕ್ಕನ ಮನೇಲಿ ಕಾಫಿನೂ ಕೊಡ್ತಾರೆ."